ಗಿರಣಿ ಬಂದ್ ಮಾಡಿ ಕೂತ ಹದಿನೈದು ನಿಮಿಷ: ಆಟಿಸಂ ಇರುವ ಮಗುವಿನ ಅಪ್ಪನಿಗೆ

ಗದಗ-ಬೆಟಗೇರಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ. ಮಗನಿಗೆ ಈಗ ಏಳು ವರ್ಷ, ಮನೆಮಂದಿಗೆಲ್ಲ ಅವನು ಸಣ್ಯಾ. ಅವನಿಗೆ ಆಟಿಸಂ ಇದೆ, ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ ಇದ್ದು ಮಾತು, ಮಂದಿ ಜೊತೆ ಬೆರೆಯುವುದು ಕಷ್ಟ ಅಂತ ಗೊತ್ತಾದಾಗ ಮೂರೂವರೆ ವರ್ಷ. ಅದಕ್ಕೂ ಒಂದು ವರ್ಷ ಮೊದಲೇ ಒಬ್ಬ ಡಾಕ್ಟರಿಗೆ ತೋರಿಸಿದ್ದೆವು. "ಗಂಡ್ ಹುಡುಗ್ರು ತಡಾ ಮಾಡಿ ಮಾತಾಡ್ತಾವ, ಬಿಡ್ರಿ" ಅಂದರು. ಬಿಟ್ಟೆವು. ಆ ಕಳೆದುಹೋದ ವರ್ಷದ ಸಿಟ್ಟು ನನಗೆ ಇನ್ನೂ ಇದೆ. ನಿಮ್ಮ ಮಗುವಿಗೆ ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಬೆರಳು ಮಾಡಿ ಏನನ್ನೂ ತೋರಿಸದಿದ್ದರೆ ಯಾರು ಏನೇ ಅಂದರೂ ಇನ್ನೊಬ್ಬರಿಗೆ ತೋರಿಸಿ. ಕಾಯಬೇಡಿ.

ಥೆರಪಿಗೆ ಹೋದಾಗ ಒಂದು ಗಮನಿಸಿದ್ದೀರಾ? ಒಳಗೆ ಬೆಂಚಿನ ಮೇಲೆ ಅಮ್ಮಂದಿರು. ಹೊರಗೆ ಬೈಕಿನ ಹತ್ತಿರ ಅಪ್ಪಂದಿರು, ಕೈಯಲ್ಲಿ ಮೊಬೈಲು. ನಾನೂ ಒಂದು ವರ್ಷ ಹಾಗೇ ನಿಂತವನು. ಒಂದು ದಿನ ಸ್ಪೀಚ್ ಥೆರಪಿ ಮೇಡಂ ಹೊರಗೆ ಬಂದು, "ನೀವೂ ಒಳಗ ಬಂದು ಕೂಡ್ರಿ" ಅಂದರು. "ಅವರವ್ವ ಅದಾಳಲ್ರಿ" ಅಂದೆ. "ಅವರವ್ವ ದಿನಾ ಅವನ ಜೋಡಿ ಇರ್ತಾರ. ನೀವು ದಿನಾ ಅವನ ಜೋಡಿ ಏನ್ ಮಾಡ್ತೀರಿ?" ಅಂತ ಕೇಳಿದರು. ಉತ್ತರ ಹೊಳೆಯಲಿಲ್ಲ. ಅವನು ಏಳುವ ಮೊದಲೇ ನಾನು ಗಿರಣಿಯಲ್ಲಿ, ಮಲಗಿದ ಮೇಲೆ ಮನೆಯಲ್ಲಿ.

ಆ ಮೇಡಂ ನಾಲ್ಕು ಸಲ ಮನೆಗೇ ಬಂದು ಕಲಿಸಿದರು. ಕಲಿಸಿದ್ದು ನನಗೆ. ಮಗ ತನ್ನ ಪಾಡಿಗೆ ಆಡಿಕೊಂಡಿದ್ದ. ಇಲ್ಲಿ ಬರೆಯುತ್ತಿರುವುದು ಅವರು ಹೇಳಿಕೊಟ್ಟದ್ದು, ಜೊತೆಗೆ ಎರಡೂವರೆ ವರ್ಷ ನಾನು ಎಡವಿ ಕಲಿತದ್ದು. ಇದನ್ನು ಓದುತ್ತಿರುವುದು ಅಮ್ಮ ಆಗಿದ್ದರೆ, ದಯವಿಟ್ಟು ಮೊಬೈಲನ್ನು ಮಗುವಿನ ಅಪ್ಪನ ಕೈಗೆ ಕೊಡಿ. ಓದಿ ಹೇಳುವ ಕೆಲಸವೂ ನಿಮ್ಮ ತಲೆಗೇ ಬೇಡ.

ಮೊದಲು ಪ್ರಶ್ನೆ ಕೇಳುವುದನ್ನು ನಿಲ್ಲಿಸಿ

ಅಪ್ಪಂದಿರಿಗೆ ಮಗನ ಜೊತೆ ಕೂತರೆ ಸಾಕು, ಕಲಿಸಬೇಕು ಅನ್ನಿಸುತ್ತದೆ. ನಾನು ಅಂಗಡಿಯಿಂದ ಪ್ರಾಣಿಗಳ ಚಿತ್ರದ ಕಾರ್ಡು ತಂದಿದ್ದೆ. "ಇದೇನು? ಆನಿ. ಅನ್ನು, ಆನಿ. ಸಣ್ಯಾ, ಇಲ್ಲಿ ನೋಡು. ಇದೇನು?" ಅವನು ಕಾರ್ಡು ತಳ್ಳಿ ಎದ್ದು ಹೋಗುತ್ತಿದ್ದ. ನಾನು ಎಳೆದು ಕೂರಿಸುತ್ತಿದ್ದೆ. ಮೇಡಂ ಅದನ್ನು ಹತ್ತು ನಿಮಿಷ ವಿಡಿಯೋ ಮಾಡಿ, ನನ್ನ ಕೈಗೇ ಮೊಬೈಲು ಕೊಟ್ಟು, "ನೀವು ಎಷ್ಟು ಪ್ರಶ್ನೆ ಕೇಳೀರಿ, ಎಣಿಸ್ರಿ" ಅಂದರು. ಎಣಿಸಿದೆ. 43. ಅವನು ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ. ಕೊಡಲು ನಾನು ಸಮಯವನ್ನೂ ಬಿಟ್ಟಿರಲಿಲ್ಲ.

ಮಾತೇ ಕಷ್ಟ ಇರುವ ಮಗುವಿಗೆ ಪ್ರಶ್ನೆ ಅಂದರೆ ಪರೀಕ್ಷೆ. ದಿನಾ ಸಂಜೆ ಮನೆಗೆ ಬಂದು ಪರೀಕ್ಷೆ ಮಾಡುವವನ ಹತ್ತಿರ ಯಾರು ಬರುತ್ತಾರೆ, ಹೇಳಿ. ಅದಕ್ಕೇ ಮೊದಲ ವಾರದ ಕೆಲಸ ಇಷ್ಟೇ: ದಿನಕ್ಕೆ ಹದಿನೈದು ನಿಮಿಷ ಮಗುವಿನ ಹತ್ತಿರ ಕೂರುವುದು, ಒಂದೂ ಪ್ರಶ್ನೆ ಕೇಳದೆ. ಮಾಡಿ ನೋಡಿ. ಕ್ವಿಂಟಲ್ ಚೀಲ ಎತ್ತುವುದು ಇದಕ್ಕಿಂತ ಸಲೀಸು.

ಹೊತ್ತು, ಜಾಗ, ಅಂಗಿ

ಹೊತ್ತು ಒಂದೇ ಇರಲಿ. ನನಗೆ ಮಧ್ಯಾಹ್ನ ಮೂರೂವರೆಗೆ ಗಿರಾಕಿ ಕಡಿಮೆ, ಹಾಗಾಗಿ ಅದೇ ನಮ್ಮ ಹೊತ್ತು. ನೌಕರಿ ಮಾಡುವವರಿಗೆ ಬೆಳಿಗ್ಗೆ ಸ್ನಾನದ ಹೊತ್ತಾಗಬಹುದು, ಊಟ ಆದ ಮೇಲೆ ಆಗಬಹುದು. ಮಗು ಹಸಿದಾಗ, ನಿದ್ದೆಗಣ್ಣಲ್ಲಿ ಇದ್ದಾಗ ಬೇಡ. ಟಿವಿ ಬಂದ್. ಮೊಬೈಲ್ ಸೈಲೆಂಟ್ ಮಾಡಿ ಅಡುಗೆಮನೆಯಲ್ಲಿಡಿ. ಜೇಬಿನಲ್ಲಿ ಇಟ್ಟುಕೊಂಡರೆ ಅದು ನಡುಗಿದಾಗೆಲ್ಲ ನಿಮ್ಮ ಮನಸ್ಸು ಅಲ್ಲಿಗೆ ಹೋಗುತ್ತದೆ. ಮಗುವಿಗೆ ಅದು ಗೊತ್ತಾಗುತ್ತದೆ.

ಜಾಗ ಪಡಸಾಲೆಯ ಒಂದು ಮೂಲೆ, ಒಂದು ಚಾಪೆ. ಆಟದ ಸಾಮಾನು ನಾಲ್ಕೈದಕ್ಕಿಂತ ಜಾಸ್ತಿ ಬೇಡ.

ಅಂಗಿಯ ಕಥೆ ಬೇರೆ. ನಾನು ಇಡೀ ದಿನ ಹಿಟ್ಟಿನಲ್ಲಿ ಮುಳುಗಿ ಬಿಳಿ ಆಗಿರುತ್ತೇನೆ. ಆ ಹಿಟ್ಟಿನ ವಾಸನೆ, ಆ ಪುಡಿ ಮೈಗೆ ತಾಗುವುದು ಸಣ್ಯಾನಿಗೆ ಆಗುವುದಿಲ್ಲ. ಮೊದಮೊದಲು ನಾನು ಹತ್ತಿರ ಬಂದರೆ ಸರಿದು ಕೂರುತ್ತಿದ್ದ. "ಅಪ್ಪ ಅಂದ್ರ ಆಗಂಗಿಲ್ಲ ಇವಂಗ" ಅಂತ ಅಂದುಕೊಂಡಿದ್ದೆ. ಆಗದೆ ಇದ್ದದ್ದು ಹಿಟ್ಟು. ಕೈಕಾಲು ಮುಖ ತೊಳೆದು ಒಂದು ನೀಲಿ ಟೀ ಶರ್ಟ್ ಹಾಕಿಕೊಳ್ಳಲು ಶುರು ಮಾಡಿದೆ, ದಿನಾ ಅದೇ ನೀಲಿ. ಎರಡು ವಾರ ಆಗುವ ಹೊತ್ತಿಗೆ ನೀಲಿ ಟೀ ಶರ್ಟ್ ಕಂಡರೆ ಅವನೇ ಹೋಗಿ ಚಾಪೆ ಮೇಲೆ ಕೂರುತ್ತಿದ್ದ. ಇಂಥ ಮಕ್ಕಳಲ್ಲಿ ಸುಮಾರು ಜನಕ್ಕೆ ಮುಂದೆ ಏನಾಗುತ್ತದೆ ಅಂತ ಮೊದಲೇ ಗೊತ್ತಾದರೆ ಅರ್ಧ ಗಾಬರಿ ಕಡಿಮೆ. ಹೇಳಿದರೆ ತಿಳಿಯದಿದ್ದದ್ದು ಕಣ್ಣಿಗೆ ಕಂಡರೆ ತಿಳಿಯುತ್ತದೆ.

ನಿಮ್ಮ ಕೆಲಸ ಗ್ಯಾರೇಜಿನದಾದರೆ ಡೀಸೆಲ್ ವಾಸನೆ, ಹೋಟೆಲಿನದಾದರೆ ಎಣ್ಣೆ ವಾಸನೆ. ಮಗ ದೂರ ಹೋಗುತ್ತಾನೆ ಅಂತ ಮನಸ್ಸಿಗೆ ಹಚ್ಚಿಕೊಳ್ಳುವ ಮೊದಲು ಒಮ್ಮೆ ಅಂಗಿ ಬದಲಿಸಿ ನೋಡಿ.

ಅವನ ಹಿಂದೆ ಹೋಗುವುದು

ಸಣ್ಯಾನಿಗೆ ತಿರುಗುವುದೆಲ್ಲ ಇಷ್ಟ. ಫ್ಯಾನು, ಸೈಕಲ್ ಗಾಲಿ, ಎಲ್ಲಕ್ಕಿಂತ ಹೆಚ್ಚಾಗಿ ಸ್ಟೀಲ್ ಡಬ್ಬಿಯ ಮುಚ್ಚಳ. ನೆಲದ ಮೇಲೆ ಮುಚ್ಚಳ ತಿರುಗಿಸಿ, ಕೆನ್ನೆ ನೆಲಕ್ಕೆ ಹಚ್ಚಿ, ಅದು ನಿಲ್ಲುವವರೆಗೂ ನೋಡುತ್ತಾನೆ. ಮೊದಲು ಅದನ್ನು ಕಸಿದು ಇಡುತ್ತಿದ್ದೆವು. ಆಡಬೇಕಾದದ್ದು ಕಾರು, ಚೆಂಡು, ಇದೇನು ಮುಚ್ಚಳ ಅಂತ.

ಮೇಡಂ ಹೇಳಿದ್ದು ಉಲ್ಟಾ: "ನೀವೂ ಒಂದ್ ಮುಚ್ಚಳ ತಗೋರಿ." ತಗೊಂಡೆ. ಅವನು ತಿರುಗಿಸಿದ, ನಾನೂ ತಿರುಗಿಸಿದೆ. ಅವನು ಕೆನ್ನೆ ನೆಲಕ್ಕೆ ಹಚ್ಚಿದ, ನಾನೂ ಹಚ್ಚಿದೆ. ನಲವತ್ತು ವರ್ಷದ ಗಂಡಸು ಹಗಲು ಹೊತ್ತಿನಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದ್ದನ್ನು ನೋಡಿ ಹಿಟ್ಟಿಗೆ ಬಂದ ಯಕ್ಕಾ ಒಬ್ಬರು, "ತಮ್ಮಾ, ಏನ್ ಕಳಕೊಂಡೀಪಾ?" ಅಂದರು. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಅವನು ತನ್ನ ಮುಚ್ಚಳ ಕೈಯಿಂದ ಒತ್ತಿ ನಿಲ್ಲಿಸಿದ. ನಾನೂ ನಿಲ್ಲಿಸಿದೆ. ಅವನು ನನ್ನ ಮುಚ್ಚಳ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಮತ್ತೆ ತಿರುಗಿಸಿ, ಥಟ್ಟನೆ ನಿಲ್ಲಿಸಿ, ಮತ್ತೆ ನನ್ನ ಮುಖ ನೋಡಿದ. ಪರೀಕ್ಷೆ ಮಾಡುವವನು ಈಗ ಅವನಾಗಿದ್ದ.

ಇದನ್ನು ಮಾಡುವ ಬಗೆ ಹೀಗೆ. ಮೊದಲ ಎರಡು ಮೂರು ನಿಮಿಷ ಸುಮ್ನೆ ನೋಡಿ, ಅವನ ಕೈ ಎಲ್ಲಿದೆ, ಕಣ್ಣು ಎಲ್ಲಿದೆ ಅಂತ. ಅವನ ಎದುರಿಗೆ ಬನ್ನಿ, ಹಿಂದೆ ಕೂರಬೇಡಿ. ನಿಮ್ಮ ಮುಖ ಅವನ ಮುಖದ ಎತ್ತರಕ್ಕೆ ಇರಲಿ. ಅವನು ಏನು ಹಿಡಿದಿದ್ದಾನೋ ಅಂಥದ್ದೇ ಇನ್ನೊಂದು ನಿಮ್ಮ ಹತ್ತಿರ ಇರಬೇಕು. ಎರಡು ಮುಚ್ಚಳ, ಎರಡು ಚಮಚ, ಎರಡು ಕಾರು. ಅವನದನ್ನು ಕಸಿಯುವ ಪ್ರಸಂಗವೇ ಬರಬಾರದು. ಅವನು ಮಾಡಿದ್ದನ್ನು ಸ್ವಲ್ಪ ಉತ್ಸಾಹದಿಂದ, ಮುಖದಲ್ಲಿ ನಗು ಇಟ್ಟುಕೊಂಡು ಮಾಡಿ. ಅವನು "ಊಊ" ಅಂದರೆ ನೀವೂ "ಊಊ" ಅನ್ನಿ. ಕೈ ಝಾಡಿಸಿದರೆ ನೀವೂ ಝಾಡಿಸಿ. ತನ್ನನ್ನು ತಾನು ಹೊಡೆದುಕೊಳ್ಳುವುದು, ಕಚ್ಚುವುದು, ಸಾಮಾನು ಎಸೆಯುವುದು ಮಾತ್ರ ಬೇಡ. ಆಗ ಏನೂ ಮಾತಾಡದೆ ಪೆಟ್ಟಾಗದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಅವನು ಎದ್ದು ಹೋದರೆ ಎಳೆಯಬೇಡಿ. ಎದ್ದು ಹೋದ ಜಾಗಕ್ಕೆ ನೀವೂ ಹೋಗಿ. ಕಿಟಕಿ ಸರಳು ಬಡಿಯುತ್ತಾನಾ, ನೀವೂ ಬಡಿಯಿರಿ.

ಪ್ರಶ್ನೆ ಬಿಟ್ಟ ಮೇಲೆ ಮಾತು ಯಾವುದು?

ಕ್ರಿಕೆಟ್ ಕಾಮೆಂಟ್ರಿ ಕೇಳಿದ್ದೀರಲ್ಲ, ಹಾಗೆ. ಆಗುತ್ತಿರುವುದನ್ನು ಹೇಳಿ. ಅವನು ಮುಚ್ಚಳ ತಿರುಗಿಸಿದಾಗ "ತಿರಿಗ್ತು". ಬಿದ್ದಾಗ "ಬಿತ್ತು". ಮತ್ತೆ ತಿರುಗಿಸಿದಾಗ "ಮತ್ತ ತಿರಿಗ್ತು". ಕ್ರಿಕೆಟ್ಟಿಗಿಂತ ಮಾತು ಬಹಳ ಕಡಿಮೆ ಇರಲಿ. ಮಗುವಿಗೆ ಒಂದೂ ಪದ ಬರದಿದ್ದರೆ ನೀವು ಒಂದೊಂದೇ ಪದ ಆಡಿ. ಅವನಿಗೆ ಒಂದು ಪದ ಬಂದರೆ ನೀವು ಎರಡು. ಅವನು "ನೀರು" ಅಂದರೆ ನೀವು "ತಣ್ಣನ್ ನೀರು". ಅವನಿಗಿಂತ ಒಂದು ಮೆಟ್ಟಿಲು ಮೇಲೆ ನಿಂತಿರಿ, ಮಾಳಿಗೆ ಮೇಲೆ ಹತ್ತಿ ನಿಂತು ಕರೆಯಬೇಡಿ.

ಯಾವ ಭಾಷೆ? ಮನೆಯಲ್ಲಿ ಆಡುವ ಭಾಷೆ. ಮುಂದೆ ಇಂಗ್ಲಿಷ್ ಶಾಲೆಗೆ ಹಾಕಬೇಕು ಅಂತ ಸುಮಾರು ಅಪ್ಪಂದಿರು "ಕಮ್, ಸಿಟ್, ಈಟ್" ಅಂತ ಶುರು ಮಾಡುತ್ತಾರೆ. ನಮ್ಮ ಪಕ್ಕದ ಓಣಿಯಲ್ಲೇ ಒಬ್ಬರಿದ್ದಾರೆ. ಅವರ ಇಂಗ್ಲಿಷಿನಲ್ಲಿ ಆ ಮೂರು ಪದ ಬಿಟ್ಟರೆ ನಾಲ್ಕನೆಯದಿಲ್ಲ, ಹಾಗಾಗಿ ಮಗುವಿಗೂ ದಿನವಿಡೀ ಕೇಳಿಸುವುದು ಆ ಮೂರೇ. ನಿಮಗೆ ನಗಲು, ಮುದ್ದು ಮಾಡಲು, ಬೈಯಲು ಯಾವ ಭಾಷೆ ಸಲೀಸೋ ಅದರಲ್ಲೇ ಆಡಿ.

ಕಾಯುವುದು

ನನಗೆ ಎಲ್ಲಕ್ಕಿಂತ ಕಷ್ಟ ಆದದ್ದು ಇದು. ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ನಮ್ಮ ಮನೆಯಲ್ಲಿ ಜಂತಿಗೆ ಕಟ್ಟಿದ ಜೋಕಾಲಿ ಇದೆ. ಸಣ್ಯಾನನ್ನು ಕೂರಿಸಿ ತೂಗುವುದು, ನಾಲ್ಕೈದು ಸಲ ಆದ ಮೇಲೆ ಜೋಕಾಲಿ ಹಿಡಿದು ನಿಲ್ಲಿಸುವುದು. ನಿಲ್ಲಿಸಿ, ಅವನ ಮುಖ ನೋಡುತ್ತಾ, ಹುಬ್ಬು ಮೇಲೆ ಮಾಡಿ, ಬಾಯಿ ಸ್ವಲ್ಪ ತೆರೆದು, ಈಗೇನೋ ಆಗುತ್ತದೆ ಅನ್ನುವ ಹಾಗೆ ಕಾಯುವುದು. ಮಾತಿಲ್ಲ. ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ. ಹತ್ತು ಎಷ್ಟು ಉದ್ದ ಅಂತ ಆಗ ಗೊತ್ತಾಗುತ್ತದೆ. ನನ್ನ ಮೊದಲ ವಿಡಿಯೋದಲ್ಲಿ ನಾನು ಎರಡು ಸೆಕೆಂಡಿಗೇ "ಬೇಕಾ? ತೂಗಲಾ?" ಅಂತ ಬಾಯಿ ಬಿಟ್ಟಿದ್ದೆ. ಈ ಮಕ್ಕಳಲ್ಲಿ ಹಲವರಿಗೆ ಕೇಳಿದ್ದು ಒಳಗೆ ಇಳಿದು, ಉತ್ತರ ಹೊರಗೆ ಬರಲು ಹೊತ್ತು ಬೇಕು. ಅದು ಇನ್ನೇನು ಬಂತು ಅನ್ನುವಷ್ಟರಲ್ಲಿ ನಾವು ಎರಡನೇ ಪ್ರಶ್ನೆ ಹಾಕಿದರೆ ಅವರು ಮತ್ತೆ ಮೊದಲಿಂದ ಶುರು ಮಾಡಬೇಕು.

ಕಾದಾಗ ಏನು ಬಂದರೂ ಅದು ಉತ್ತರ. ಕಣ್ಣು ನಿಮ್ಮ ಕಡೆ ತಿರುಗಿತು, ಉತ್ತರ. ಕಾಲು ಅಲ್ಲಾಡಿಸಿದ, ಉತ್ತರ. ನಿಮ್ಮ ಕೈ ಹಿಡಿದು ಜೋಕಾಲಿಗೆ ಹಚ್ಚಿದ, ದೊಡ್ಡ ಉತ್ತರ. ಬಂದ ಕೂಡಲೇ ತೂಗಿ, "ತೂಗು!" ಅಂತ ಒಂದು ಪದ ಹೇಳಿ. ಇನ್ನೂ ಚೆನ್ನಾಗಿ ಹೇಳಲಿ ಅಂತ ತಡೆದು ಹಿಡಿಯಬೇಡಿ. ನಾನು ಹಾಗೆ ಮಾಡಿದ್ದೆ. ಕಣ್ಣು ಕೊಟ್ಟ, ಸಾಲದು, "ತೂ ಅನ್ನು" ಅಂದೆ. ಅವನು ಜೋಕಾಲಿಯಿಂದ ಇಳಿದು ಹೋದ, ಆಮೇಲೆ ನಾಲ್ಕು ದಿನ ಅದರ ಹತ್ತಿರ ಬರಲಿಲ್ಲ. ಅದು ಕಾಯುವುದಲ್ಲ, ಸತಾಯಿಸುವುದು. ಊಟ, ನೀರು, ಶೌಚಕ್ಕೆ ಹೋಗುವುದು, ಇವುಗಳಲ್ಲಂತೂ ಈ ಆಟ ಬೇಡವೇ ಬೇಡ.

ಹತ್ತು ಎಣಿಸಿದರೂ ಏನೂ ಬರದಿದ್ದರೆ? ಸುಮ್ನೆ ತೂಗಿ. ನಾಳೆ ಇದೆ.

ಆರು ತಿಂಗಳ ಮೇಲೆ ನಾನು "ಒಂದೂ… ಎರಡೂ…" ಅಂತ ಹೇಳಿ ನಿಲ್ಲಿಸುತ್ತಿದ್ದೆ. ಒಂದು ಶುಕ್ರವಾರ ಅವನು "ಊರು" ಅಂದ. ಮೂರು ಅಂತ. ನನ್ನ ಹೆಂಡತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ನಿಂತಿತು. ಅವಳು ಹೊರಗೆ ಬರಲಿಲ್ಲ. ಬಂದರೆ ಅವನು ನಿಲ್ಲಿಸಿಬಿಟ್ಟಾನು ಅಂತ ಗೋಡೆಗೆ ಆನಿಕೊಂಡು ನಿಂತಿದ್ದಳಂತೆ. ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಲು ಆಯಿತು.

ಅಪ್ಪಂದಿರ ಆಟ

ಮಗುವಿನ ಹಿಂದೆ ಹೋಗುವುದು, ಅವನು ಮಾಡಿದ್ದನ್ನೇ ಮಾಡುವುದು, ಆಗುತ್ತಿರುವುದನ್ನು ಹೇಳುವುದು, ಕಾಯುವುದು, ಇವು ಮೇಡಂ ಕಂಡುಹಿಡಿದದ್ದಲ್ಲ. ಅವರೇ ಹೇಳಿದರು: ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ಜೆನಿಫರ್ ಎಲ್ಡರ್ ಮತ್ತು ಅವರ ಜೊತೆಗಾರರು ಮನೆಮನೆಗೆ ಹೋಗಿ ಅಪ್ಪಂದಿರಿಗೇ ಇಂಥ ತರಬೇತಿ ಕೊಟ್ಟರು. ಆಟದ ವಿಡಿಯೋ ಮಾಡಿ, ಅದನ್ನು ಅಪ್ಪನಿಗೇ ತೋರಿಸಿ ತಿದ್ದಿದರು. ಆಮೇಲೆ ಅಪ್ಪನಿಂದಲೇ ಅಮ್ಮನಿಗೆ ಕಲಿಸಿದರು. ಮಕ್ಕಳು ತಾವಾಗೇ ಆಟಕ್ಕೆ ಕರೆಯುವುದು, ದನಿ ಮಾಡುವುದು ಹೆಚ್ಚಾಯಿತು ಅಂತ 2011ರಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯೂ ಎರಡರಿಂದ ಒಂಬತ್ತು ವರ್ಷದ ಮಕ್ಕಳ ಮನೆಯವರಿಗಾಗಿ ಒಂದು ತರಬೇತಿ ಮಾಡಿದೆ. ಒಂಬತ್ತು ಸಲ ಗುಂಪಿನಲ್ಲಿ ಕೂರಿಸಿ ಕಲಿಸುವುದು, ಮೂರು ಸಲ ಮನೆಗೆ ಬರುವುದು. ಅಂದರೆ ಮನೆಯವರು ಕಲಿಯುವುದು ಥೆರಪಿಯ ಕೊನೆಯಲ್ಲಿ ಕೊಡುವ ಕೊಸರಲ್ಲ, ಅದೇ ಒಂದು ಕೆಲಸ.

ಅಪ್ಪಂದಿರ ಆಟ ಸ್ವಲ್ಪ ಒರಟು. ಎತ್ತುವುದು, ಬೆನ್ನ ಮೇಲೆ ಕೂರಿಸುವುದು, ಹೊರಳಾಡುವುದು. ಅದನ್ನು ಬಿಡಬೇಡಿ, ಅದರಲ್ಲೇ ಮೇಲಿನದ್ದೆಲ್ಲ ಸೇರಿಸಿ. ನಮ್ಮ ಮನೆಯಲ್ಲಿ ಕೌದಿ ಆಟ ಇದೆ. ಅಜ್ಜಿ ಹೊಲಿದ ದಪ್ಪ ಕೌದಿ ಹಾಸಿ, ಅದರ ಮೇಲೆ ಸಣ್ಯಾ ಮಲಗಿ, ನಾನು ಉರುಳಿಸಿ ಸುತ್ತುವುದು. ತಲೆ, ಮುಖ ಯಾವಾಗಲೂ ಹೊರಗೆ. ಅಂಗೈಯಿಂದ ಮೆಲ್ಲಗೆ ಒತ್ತುವುದು, ನಿಲ್ಲಿಸುವುದು, ಕಾಯುವುದು. "ಒತ್ತು" ಅನ್ನುವ ಪದ ಅವನಿಗೆ ಬಂದದ್ದು ಹೀಗೆ. ಅದೇ ಕಚಗುಳಿ ಇಟ್ಟರೆ ಅವನಿಗೆ ಸಹಿಸಲು ಆಗುವುದಿಲ್ಲ. ನಿಮ್ಮ ಮಗುವಿಗೆ ಇದರ ಉಲ್ಟಾ ಇರಬಹುದು. ಮೈ ಬಿಗಿ ಮಾಡಿದರೆ, ಮುಖ ತಿರುಗಿಸಿದರೆ ಅಲ್ಲಿಗೇ ಬಿಡಿ.

ಸದ್ದಿನ ವಿಷಯ. ಗಿರಣಿ ಶುರುವಾದರೆ ಅವನು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಆದರೆ ತಿರುಗುವ ಗಾಲಿ ನೋಡಬೇಕು ಅನ್ನುವ ಹಂಬಲವೂ ಅವನಿಗೇ. ಬೆಲ್ಟಿಗೂ ಗಾಲಿಗೂ ಗಟ್ಟಿ ಜಾಳಿಗೆ ಹಾಕಿಸಿದೆ, ನಡುಬಾಗಿಲಿಗೆ ಮೇಲ್ಗಡೆ ಚಿಲಕ ಇಟ್ಟೆ. ಕಿವಿ ಮುಚ್ಚುವ ಇಯರ್ ಮಫ್ ಕೊಂಡು ತಂದೆ. ಈಗ ಅದನ್ನು ಹಾಕಿಕೊಂಡು ಕಿಟಕಿಯ ಆಚೆ ನಿಂತು ನೋಡುತ್ತಾನೆ. ಕೈಯಿಂದ ಸನ್ನೆ ಮಾಡಿದರೆ ನಾನು ಸ್ವಿಚ್ ಹಾಕುತ್ತೇನೆ, ಇನ್ನೊಂದು ಸನ್ನೆಗೆ ಬಂದ್. ಗಿರಾಕಿಗಳಿಗೆ ಇದು ಅಭ್ಯಾಸ ಆಗಿದೆ. ಕೆಲವರು, "ಸಾವ್ಕಾರ ಹೂಂ ಅಂದ್ರೇನು?" ಅಂತ ಅವನನ್ನೇ ಕೇಳುತ್ತಾರೆ.

ವಿಡಿಯೋ, ಮತ್ತು ಜಗಳ

ವಾರಕ್ಕೊಮ್ಮೆ ಐದು ನಿಮಿಷ ವಿಡಿಯೋ ಮಾಡಿ. ಹಿಡಿಯಲು ಯಾರೂ ಇಲ್ಲದಿದ್ದರೆ ಮೊಬೈಲನ್ನು ಅಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿ. ರಾತ್ರಿ ಮಗು ಮಲಗಿದ ಮೇಲೆ ನೋಡಿ. ನೋಡುವುದು ಮಗುವನ್ನಲ್ಲ, ನಿಮ್ಮನ್ನು. ಎಷ್ಟು ಪ್ರಶ್ನೆ ಕೇಳಿದಿರಿ, ಎಷ್ಟು ಸಲ ಕಾದಿರಿ, ಅವನು ಏನೋ ಮಾಡಿದಾಗ ನಿಮ್ಮ ಕಣ್ಣು ಎಲ್ಲಿತ್ತು. ಅವನು ನನ್ನ ಕಡೆ ನೋಡಿ ನಕ್ಕಿದ್ದು, ಆಗ ನಾನು ಗೋಡೆ ಗಡಿಯಾರ ನೋಡುತ್ತಿದ್ದದ್ದು ನನ್ನದೊಂದು ವಿಡಿಯೋದಲ್ಲಿದೆ. ಅಳಿಸಿಲ್ಲ, ಇಟ್ಟುಕೊಂಡಿದ್ದೇನೆ.

ಈ ವಿಡಿಯೋಗಳನ್ನು ಹೆಂಡತಿ ಜೊತೆ ಕೂತು ನೋಡಿದರೆ ಜಗಳ ಗ್ಯಾರಂಟಿ. ನಾವೊಂದು ಕಟ್ಟಳೆ ಮಾಡಿಕೊಂಡೆವು: ಮೊದಲು ಚೆನ್ನಾಗಿದ್ದದ್ದು ಎರಡು ಹೇಳಬೇಕು, ಆಮೇಲೆ ತಿದ್ದಬೇಕಾದದ್ದು ಒಂದೇ. ಅದು ಬಹುಪಾಲು ಕೆಲಸ ಮಾಡಿತು. ಆದರೆ ನಾನು ಕಲಿತದ್ದನ್ನು ಅವಳಿಗೆ ಕಲಿಸಲು ಹೋದ ದಿನ ಅವಳು ಕೇಳಿದ್ದು ಬೇರೆ: "ನಾಕ್ ವರ್ಷ ನಾ ಒಬ್ಬಾಕಿನ ಮಾಡೀನಿ. ನಾಕ್ ವಾರ ಆತು ನಿಮಗ, ನನಗ ಕಲಸಾಕ ಬಂದೀರೇನ್ರಿ?" ಸರಿಯಾಗೇ ಕೇಳಿದ್ದಳು.

ಹಾಗಾಗಿ ಅಪ್ಪಂದಿರೇ, ಹೆಂಡತಿಗೆ ಪಾಠ ಹೇಳುವ ಮೊದಲು ಅವಳ ಕೆಲಸದಲ್ಲಿ ಪಾಲು ತಗೊಳ್ಳಿ. ನಾನು ತಗೊಂಡದ್ದು ಮಂಗಳವಾರ ಮತ್ತು ಶನಿವಾರದ ಥೆರಪಿ, ದಿನಾ ರಾತ್ರಿ ಹಲ್ಲುಜ್ಜಿಸುವುದು. ಹಲ್ಲುಜ್ಜಿಸುವುದು ನಮ್ಮ ಮನೆಯ ದೊಡ್ಡ ಕುಸ್ತಿ. ತಿಂಗಳು ಕಳೆದ ಮೇಲೆ ಅವಳೇ ಕೇಳಿದಳು, "ಆ ಹತ್ತು ಎಣಸೂದು ಹೆಂಗ್ರೀ?" ಅಂತ. ಅಜ್ಜಿಗೆ ಕಲಿಸಿದ್ದು ಮಾತಿನಿಂದಲ್ಲ, ಶೇಂಗಾ ಉಂಡಿಯಿಂದ. ಅವರು ಮೊಮ್ಮಗ ಅತ್ತರೆ ಸಾಕು ಇಡೀ ಡಬ್ಬಿ ಕೊಡುತ್ತಿದ್ದರು. "ಆಯಿ, ಒಂದ ಉಂಡಿ ನಾಕ್ ತುಂಡು ಮಾಡು, ಒಂದ್ ಕೊಟ್ಟು ಸುಮ್ಮ ಕೂಡು" ಅಂದೆ. ಒಂದು ಉಂಡಿಯಲ್ಲಿ ನಾಲ್ಕು ಸಲ ಕಣ್ಣು ಕೊಟ್ಟ, ಕೈ ಚಾಚಿದ. ಈಗ ಆಯಿ ನನಗಿಂತ ಚೆನ್ನಾಗಿ ಕಾಯುತ್ತಾರೆ.

ಹದಿನೈದು ನಿಮಿಷದ ಹೊರಗೆ

ಮುದ್ರಣಕ್ಕೆ ಗದಗ ಹೆಸರಾದ ಊರು, ಇದು ನನಗೆ ಉಪಯೋಗಕ್ಕೆ ಬಂತು. ನಮ್ಮದೇ ಬಕೆಟ್ಟು, ನಮ್ಮದೇ ತಟ್ಟೆ, ನಮ್ಮದೇ ಬೈಕು, ಜೋಕಾಲಿ, ಗಿರಣಿ, ಇವುಗಳ ಫೋಟೋ ತೆಗೆದು, ಅಂಗೈ ಅಗಲದ ಕಾರ್ಡು ಮಾಡಿಸಿ ಲ್ಯಾಮಿನೇಷನ್ ಮಾಡಿಸಿದೆ. ಅಂಗಡಿಯಲ್ಲಿ ಸಿಗುವ ಕಾರ್ಡಿನ ಬಕೆಟ್ಟು ಕೆಂಪು, ನಮ್ಮದು ಹಸಿರು. ಅವನಿಗೆ ಅವೆರಡೂ ಒಂದೇ ಅಲ್ಲ. ಗೋಡೆಗೆ ಎರಡು ಕಾರ್ಡು ಹಚ್ಚುತ್ತೇವೆ: ಮೊದಲು ಇದು, ಆಮೇಲೆ ಇದು. ಮೊದಲು ಸ್ನಾನ, ಆಮೇಲೆ ಜೋಕಾಲಿ. ಹೇಳಿದ "ಆಮೇಲೆ" ತಪ್ಪದೆ ಆಗಬೇಕು. ಒಮ್ಮೆ ತಪ್ಪಿದರೆ ಕಾರ್ಡಿನ ಮರ್ಯಾದೆ ಹೋಯಿತು.

ಒಂದು ತಪ್ಪು ಹೇಳಿಬಿಡುತ್ತೇನೆ. ಅವನು ಐದು ವರ್ಷದವನಿದ್ದಾಗ ತೋಂಟದಾರ್ಯ ಮಠದ ಜಾತ್ರೆಗೆ ಹೆಗಲ ಮೇಲೆ ಹೊತ್ತು ಹೋಗಿದ್ದೆ. ಜನ, ಪೀಪಿ, ಮೈಕು. ಅವನು ನನ್ನ ಕೂದಲು ಹಿಡಿದು ಜಗ್ಗಿದ, ಕಿರುಚಿದ, ನೆಲಕ್ಕೆ ಬಿದ್ದು ಹೊರಳಾಡಿದ. ಸುತ್ತ ಮಂದಿ ನಿಂತರು. "ಗಾಳಿ ಹಿಡದೈತೇನೋ" ಅಂದರು ಯಾರೋ. ನಾನು ಅವನಿಗೆ ಹೊಡೆದೆ. ಹೊಡೆದದ್ದು ಅವನ ತಪ್ಪಿಗಲ್ಲ, ನನ್ನ ನಾಚಿಕೆಗೆ.

ಅದು ಹಟ ಆಗಿರಲಿಲ್ಲ. ಹಟ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಕೇಳಿದ್ದು ಸಿಕ್ಕರೆ ನಿಲ್ಲಿಸುತ್ತದೆ. ಇದು ತಲೆಗೆ ತಡೆಯಲಾರದಷ್ಟು ಸದ್ದು, ಬೆಳಕು, ನೂಕಾಟ ತುಂಬಿ ಒಡೆದದ್ದು. ಏನು ಕೊಟ್ಟರೂ ನಿಲ್ಲುವುದಿಲ್ಲ. ಆಗ ಮಾಡಬೇಕಾದದ್ದು ಎತ್ತಿಕೊಂಡು ಸದ್ದು ಕಡಿಮೆ ಇರುವ ಕಡೆ ಹೋಗುವುದು. ಮಾತು ಬೇಡ, ಬುದ್ಧಿ ಹೇಳುವುದು ಬೇಡ, "ಸಾಕು, ಸಾಕು" ಅನ್ನುವುದೂ ಬೇಡ. ತಲೆಗೆ ಪೆಟ್ಟಾಗದ ಹಾಗೆ ನೋಡಿಕೊಂಡು ಪಕ್ಕದಲ್ಲಿ ಕೂರಿ. ಇಳಿದ ಮೇಲೆ ನೀರು. ಪಾಠ ಅವತ್ತು ಬೇಡ. ಮುಂದಿನ ವರ್ಷ ನಾವು ಜಾತ್ರೆಗೆ ಹೋದದ್ದು ಬೆಳಿಗ್ಗೆ ಏಳಕ್ಕೆ, ಅಂಗಡಿಯವರು ತಾಡಪಾಲು ಬಿಚ್ಚುವ ಹೊತ್ತಿಗೆ. ಇಪ್ಪತ್ತು ನಿಮಿಷ ಇದ್ದು, ಒಂದು ಗಿರಗಿಟ್ಲೆ ಕೊಂಡು ಬಂದೆವು.

ಗಿರಣಿಗೆ ಬರುವವರು ಕೇಳುವ ಮಾತಿಗೂ ಉತ್ತರ ಕಲಿತುಕೊಳ್ಳಿ, ಇಲ್ಲದಿದ್ದರೆ ಅವೆಲ್ಲ ನಿಮ್ಮ ಹೆಂಡತಿಯ ತಲೆಗೆ ಬರುತ್ತವೆ. ಅವಳು ಬಸುರಿ ಇದ್ದಾಗ ಮೊಬೈಲ್ ನೋಡಿದ್ದರಿಂದ ಆಟಿಸಂ ಬರುವುದಿಲ್ಲ. ಸಾಕಿದ ರೀತಿಯಿಂದ ಬರುವುದಿಲ್ಲ. ಲಸಿಕೆಯಿಂದ ಬರುವುದಿಲ್ಲ. 1998ರಲ್ಲಿ ಹಾಗೆ ಅನುಮಾನ ಹುಟ್ಟಿಸಿದ ಲೇಖನವನ್ನು ಅದನ್ನು ಅಚ್ಚು ಹಾಕಿದ ದಿ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು. ಪೂರ್ತಿ ವಾಸಿ ಮಾಡುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರು ಬರುತ್ತಾರೆ. ದುಡ್ಡು ಇಟ್ಟುಕೊಳ್ಳಿ.

ಕಾಗದದ ಕೆಲಸ ಅಪ್ಪನದೇ ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ. ನಮ್ಮ ಕಡೆಯವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ, ಆಟಿಸಂ ಎಷ್ಟಿದೆ ಅಂತ ಅಳೆಯಲು ಐಸಾ ಅನ್ನುವ 40 ಅಂಶಗಳ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಹೋಗುವಾಗ ಮಗುವಿಗೆ ಇಷ್ಟವಾದ ತಿಂಡಿ, ಆಟದ ಸಾಮಾನು ಚೀಲದಲ್ಲಿರಲಿ, ಕಾಯುವುದು ಇದ್ದೇ ಇರುತ್ತದೆ. ಆಮೇಲೆ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿ ಖರ್ಚೂ ಸೇರುತ್ತದೆ. ರಸೀದಿ ಎಸೆಯಬೇಡಿ.

ಇನ್ನೊಂದು. ಮುಚ್ಚಳದ ಆಟ ಎಲ್ಲಿಗೆ ಹೋಯಿತು ಅಂತ ಹೇಳಬೇಕು. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಅವನನ್ನು ಬೈಕಿನ ಮುಂದೆ ಕೂರಿಸಿಕೊಂಡು ಡಂಬಳದ ಕಡೆ ಹೊರಟಿದ್ದೆ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿ ವಿದ್ಯುತ್ತಿನ ಫ್ಯಾನುಗಳಿವೆಯಲ್ಲ, ಅವು ಕಂಡವು. ನಾನು ಏನೂ ಅನ್ನಲಿಲ್ಲ, ಬೈಕ್ ಪಕ್ಕಕ್ಕೆ ಹಾಕಿ ಬಂದ್ ಮಾಡಿದೆ. ಹತ್ತು ಎಣಿಸಿದೆ. ಇನ್ನೊಂದು ಹತ್ತು. ಅವನು ಬೆರಳು ಮಾಡಿ ತೋರಿಸಿದ, ತಿರುಗಿ ನನ್ನ ಮುಖ ನೋಡಿದ, "ತಿರಿಗ್ತು" ಅಂದ. ಏನಾದರೂ ಬೇಕಾದಾಗ ಅವನು ನನ್ನ ಕೈ ಎಳೆಯುವುದಿತ್ತು. ಬೇಕು ಅಂತ ಅಲ್ಲದೆ, ನೋಡು ಅಂತ ತೋರಿಸಿದ್ದು ಅದೇ ಮೊದಲು. ಆಗ ಅವನಿಗೆ ಆರು ವರ್ಷ ಎರಡು ತಿಂಗಳು.

ಈಗಿನ ತೊಂದರೆ ಬೇರೆ. ನೀಲಿ ಟೀ ಶರ್ಟ್ ಎಲ್ಲಿರುತ್ತದೆ ಅಂತ ಅವನಿಗೆ ಗೊತ್ತಾಗಿಬಿಟ್ಟಿದೆ. ಸಂಜೆ ಆರಕ್ಕೆ ಗಿರಣಿ ಮುಂದೆ ಹದಿನೈದು ಡಬ್ಬಿ ಸಾಲು ನಿಂತಾಗ ಅದನ್ನು ತಂದು ನನ್ನ ಕೈಗೆ ತುರುಕುತ್ತಾನೆ. ಮೊದಲು ಹಿಟ್ಟು, ಆಮೇಲೆ ಆಟ ಅಂತ ಕಾರ್ಡು ತೋರಿಸುತ್ತೇನೆ. ಒಂದೊಂದು ದಿನ ಒಪ್ಪುತ್ತಾನೆ. ಒಪ್ಪದ ದಿನ ಸಾಲಿನಲ್ಲಿ ನಿಂತವರಿಗೆ "ಐದ್ ನಿಮಿಷ ತಡೀರಿ" ಅಂತ ಹೇಳಿ ಸ್ವಿಚ್ ಬಂದ್ ಮಾಡಿ ಒಳಗೆ ಹೋಗುತ್ತೇನೆ. ಅದು ಸರಿಯೋ ತಪ್ಪೋ ಅಂತ ಮೇಡಂ ಹತ್ತಿರ ಇನ್ನೂ ಕೇಳಿಲ್ಲ.